ಟರ್ಬರ್‌ವಿಲ್: ಒಂದು ಮನೆತನದ ಹೆಸರು

“ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಈ ಗಾದೆಗೆ ಭಾಷ್ಯ ಬರೆದಂತಿರುವ ಮನೆತನದ ಹೆಸರೊಂದು ಆಂಗ್ಲ ಸಾಹಿತ್ಯದಲ್ಲಿದೆ. ಅದೇ ಟರ್ಬರ್‌ವಿಲ್. ಈ ವಿರಳವಾದ ಹೆಸರು ಅಲ್ಲಿ ಒಮ್ಮೆ ಕವಿಯ ಹೆಸರಾಗಿ, ಇನ್ನೊಮ್ಮೆ ಕಾದಂಬರಿಯ ವಸ್ತುವಾಗಿ ಕಾಣಿಸಿಕೊಂಡಿದೆ.

ಜಾರ್ಜ್ ಟರ್ಬರ್‌ವಿಲ್ ಮೊದಲನೆಯ ಎಲಿಜಬೆತ್ ರಾಣಿಯ ಕಾಲದವನು. ಡಾರ್ಸೆಟ್ ಸೀಮೆಯ ಹಳೆಯ ವಂಶದವನು. 1567ರಲ್ಲಿ ತನ್ನ ಕವಿತೆಗಳನ್ನು ಪ್ರಕಟಿಸಿದನು. ರೋಮಿನ ಕವಿ ಓವಿಡನ ಕೃತಿಯೊಂದನ್ನು ಇಂಗ್ಲಿಷಿಗೆ ತಂದನು. 1568ರಲ್ಲಿ ರಾಯಭಾರಿಯ ಕಾರ್ಯದರ್ಶಿಯಾಗಿ ರಷ್ಯಕ್ಕೆ ಹೋಗಿ, ಅಲ್ಲಿಂದ ಗೆಳೆಯರಿಗೆ ಪದ್ಯದಲ್ಲಿಯೇ ಪತ್ರ ಬರೆದನು. ಇವನು ಮಹಾಕವಿಯಲ್ಲದಿರಬಹುದು, ಆದರೆ ತನ್ನ ದುಡಿಮೆಯಿಂದ ಉಳಿದವನು.

ಅದೇ ಸೀಮೆಯ ಬಿಯರ್ ರೀಜಿಸ್ ಗ್ರಾಮದ ಚರ್ಚಿನಲ್ಲಿ ಟರ್ಬರ್‌ವಿಲ್ಲರ ಗೋರಿಗಳಿವೆ. ಥಾಮಸ್ ಹಾರ್ಡಿ ಈ ವಂಶದ ಹೆಸರನ್ನು ತುಸು ಮಾರ್ಪಡಿಸಿ 1891ರಲ್ಲಿ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ ಕಾದಂಬರಿಯನ್ನು ಹೊರತಂದನು. ಅದರಲ್ಲಿ ಜಾನ್ ಡರ್ಬಿಫೀಲ್ಡ್ ಎಂಬವನು ಬಡ ಚಿಲ್ಲರೆ ವ್ಯಾಪಾರಿ. ಅವನ ಹೆಸರು ಡರ್ಬರ್‌ವಿಲ್ ಎಂಬುದರ ಅಪಭ್ರಂಶವೆಂದೂ, ಅವನು ಪ್ರಾಚೀನ ಸರದಾರರ ಕುಲದವನೆಂದೂ ಪಾದ್ರಿಯೊಬ್ಬನು ದಾರಿಯಲ್ಲಿ ಹೇಳಿಬಿಡುತ್ತಾನೆ. ಅಂದು ಜಾನ್ ಹಿಗ್ಗಿನಿಂದ ಕುಡಿದು ಮಲಗುತ್ತಾನೆ. ಜೇನುಗೂಡುಗಳನ್ನು ಪೇಟೆಗೆ ಒಯ್ಯಬೇಕಾದ ಕೆಲಸ ಮಗಳು ಟೆಸ್‌ಳ ಪಾಲಿಗೆ ಬರುತ್ತದೆ. ದಾರಿಯಲ್ಲಿ ಟಪಾಲುಗಾಡಿ ಬಡಿದು ಮನೆಗೆ ಅನ್ನವಿಕ್ಕುತ್ತಿದ್ದ ಕುದುರೆ ಸಾಯುತ್ತದೆ. ಆಗ ಹೆತ್ತವರು ಅವಳನ್ನು ಡರ್ಬರ್‌ವಿಲ್ ಎಂಬ ಸಿರಿವಂತರ ಮನೆಗೆ, ನೆಂಟಸ್ತಿಕೆ ಹೇಳಿಕೊಳ್ಳಲು ಕಳುಹಿಸುತ್ತಾರೆ. ಆ ಸಿರಿವಂತರೋ, ಹಣ ಗಳಿಸಿದ ಮೇಲೆ ಪುಸ್ತಕದಲ್ಲಿ ಹುಡುಕಿ ಆ ಹೆಸರನ್ನು ಅಂಟಿಸಿಕೊಂಡವರು! ಟೆಸ್‌ಳ ಬಾಳು ಹಾಳಾಗುವುದು ಅಲ್ಲಿಯೇ. ಹಳೆಯ ಮನೆತನಗಳನ್ನು ಹಳಿಯುತ್ತಿದ್ದ ಅವಳ ಗಂಡ ಏಂಜೆಲ್ ಕ್ಲೇರ್ ಕೂಡ ಆ ಹೆಸರು ಕೇಳಿ ಮೊದಲು ಸಂತೋಷಪಡುತ್ತಾನೆ. ಅವಳ ದುಃಖದ ಕಥೆ ಕೇಳಿದ ಮೇಲೆ ಅದೇ ವಂಶವನ್ನು ದೂರುತ್ತಾನೆ. ಇಬ್ಬಗೆಯಲ್ಲಿಯೂ ಅವನು ಕಂಡದ್ದು ಹೆಸರನ್ನೇ ಹೊರತು ಟೆಸ್‌ಳನ್ನಲ್ಲ. ಕೊನೆಗೆ ತಂದೆ ಸತ್ತು, ಮನೆ ಕಳೆದುಕೊಂಡ ಸಂಸಾರವು ಪೂರ್ವಿಕರ ಗೋರಿಗಳಿರುವ ಚರ್ಚಿನ ಗೋಡೆಯ ಪಕ್ಕದಲ್ಲಿ ಮಂಚ ಹಾಕಿಕೊಳ್ಳುತ್ತದೆ. ಒಳಗೆ ಸರದಾರರು, ಹೊರಗೆ ಸೂರಿಲ್ಲದ ಮಕ್ಕಳು. ಕುಲದ ಹಿರಿಮೆಯ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವೇ?

ಹಾಗಾದರೆ ಹಿರಿಯರ ಸ್ಮರಣೆಯೇ ಬೇಡವೇ ಎಂದು ಕೆಲವರು ಕೇಳಬಹುದು. ಬೇಡವೆಂದು ನಾನು ಹೇಳುತ್ತಿಲ್ಲ. ವಂಶದ ಚರಿತ್ರೆಯನ್ನು ಅರಿಯುವುದು ಜ್ಞಾನ. ಅದನ್ನು ಬಂಡವಾಳ ಮಾಡಿಕೊಂಡು ಬಾಳಲೆಳಸುವುದು ಅವಿವೇಕ. ಕಲ್ಲುಕೆಲಸದವನ ಮಗನಾದ ಹಾರ್ಡಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೂ ಅವನ ಕಾದಂಬರಿಯನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ.

ನನಗೆ ಮನೆತನದ ಹೆಸರೆಂಬುದಿಲ್ಲ. ನನ್ನ ಹೆಸರಿನ ಮುಂದಿರುವ ಎರಡು ಅಕ್ಷರಗಳಲ್ಲಿ ಒಂದು ಊರಿನದು, ಒಂದು ತಂದೆಯವರದು. “ನೀನು ಯಾರ ಪೈಕಿ?” ಎಂದು ಪರಸ್ಥಳದಲ್ಲಿ ಹಿರಿಯರು ಕೇಳಿದಾಗ ಮೊದಲೆಲ್ಲ ಸಂಕೋಚವಾಗುತ್ತಿತ್ತು. ನಮ್ಮ ತಂದೆಯವರು ರುಜು ಮಾಡಲು ಕಲಿತದ್ದೇ ನನ್ನನ್ನು ಈ ಕಾಲೇಜಿಗೆ ಸೇರಿಸುವಾಗ. ಅರ್ಜಿಯ ಮೇಲಿನ ಆ ಸೊಟ್ಟ ಅಕ್ಷರಗಳಿಗಿಂತ ದೊಡ್ಡ ವಂಶಾವಳಿ ನನಗೆ ಬೇಕಿಲ್ಲವೆಂಬುದನ್ನು ಟೆಸ್‌ಳ ಕಥೆ ಕಲಿಸಿತು. ಅಜ್ಜನು ತಿಂದ ತುಪ್ಪದ ವಾಸನೆಗಿಂತ ಅಪ್ಪನ ಕೈಯ ಮಣ್ಣಿನ ವಾಸನೆಯೇ ಮೇಲು.