ಅಜ್ಜನ ನಾಣ್ಯಗಳಿಗೆ ಹಿಡಿದ ಬೆಳಕು



ನಮ್ಮ ದೇವರ ಕೋಣೆಯ ಗೂಡಿನಲ್ಲಿರುವ ಹಿತ್ತಾಳೆಯ ಡಬ್ಬಿಯನ್ನು ಬಂಧುಗಳೆಲ್ಲರೂ ಬಲ್ಲರು. ಅಜ್ಜನು ಕೂಡಿಟ್ಟ ನಾಣ್ಯಗಳು ಅದರಲ್ಲಿವೆ: ಮೂರು ಕಂಠೀರಾಯಿ ಹಣ, ಟಿಪ್ಪುವಿನ ಕಾಲದ ಆನೆಯ ಮುದ್ರೆಯ ಒಂದು ತಾಮ್ರದ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಎರಡು ಮಯಿಲಿ ಕಾಸು, ವಿಕ್ಟೋರಿಯಾ ರಾಣಿಯ ಹನ್ನೊಂದು ಬೆಳ್ಳಿ ರೂಪಾಯಿ, ಮತ್ತು 1943ರ ಈಚಿನ ಒಂದು ಹಿಡಿ ತೂತಿನ ಕಾಸು. ನಮಗೆಲ್ಲ ವಯಸ್ಸಾಯಿತು, ಇವನ್ನು ಮಕ್ಕಳಿಗೆ ಹಂಚಿಬಿಡುವುದು ಒಳಿತೆಂದು ಅಣ್ಣತಮ್ಮಂದಿರು ಸೇರಿ ತೀರ್ಮಾನಿಸಿದೆವು.

ಅಮೆರಿಕದಲ್ಲಿರುವ ತಮ್ಮನ ಮಗ, "ದೊಡ್ಡಪ್ಪ, ನನ್ನ ಪಾಲಿನದನ್ನು ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗುತ್ತೇನೆ" ಎಂದ. ಅದು ಸಾಧ್ಯವಿಲ್ಲವೆಂದು ನಾನು ಹೇಳಬೇಕಾಯಿತು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯವೂ ಪ್ರಾಚ್ಯವಸ್ತುವೇ. ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಆ ಕಾಯಿದೆಯ ಮಟ್ಟಿಗೆ ಅವನು ಒಯ್ಯಬಹುದಾದದ್ದು ತೂತಿನ ಕಾಸುಗಳನ್ನು ಮಾತ್ರ! ಮಿಕ್ಕವುಗಳಲ್ಲಿ ಅವನಿಗೂ ಅವನ ಮಕ್ಕಳಿಗೂ ದಕ್ಕುವುದು ಚಿತ್ರಗಳಷ್ಟೇ. ಹಾಗಿರುವಾಗ ಆ ಚಿತ್ರಗಳು ಹೇಗೋ ಒಂದು ಬಂದರೆ ಸಾಕೆನ್ನುವಂತಿಲ್ಲವಷ್ಟೆ.

ನಾನು ಮೊದಲು ತೆಗೆದ ಚಿತ್ರಗಳನ್ನು ನೋಡಿದವರೆಲ್ಲರೂ ಒಂದೇ ಮಾತು ಹೇಳಿದರು: ಒಳ್ಳೆಯ ಕ್ಯಾಮೆರಾ ಕೊಳ್ಳಿ, ಮ್ಯಾಕ್ರೋ ಲೆನ್ಸ್ ಕೊಳ್ಳಿ. ಎರಡು ತಿಂಗಳು ಈ ಕೆಲಸದಲ್ಲಿ ಮುಳುಗಿದ ಮೇಲೆ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಕೆಟ್ಟದ್ದು ಕ್ಯಾಮೆರಾ ಅಲ್ಲ, ಬೆಳಕು. ಕೈಯಲ್ಲಿರುವ ಮೊಬೈಲ್ ಫೋನೇ ಬಹುತೇಕ ಸಾಲುತ್ತದೆ. ಸಾಲದಿರುವುದು ನಮ್ಮ ತಾಳ್ಮೆ. ನಾಣ್ಯವೆಂದರೆ ಲೋಹದ ಸಣ್ಣದೊಂದು ಕನ್ನಡಿ. ಕನ್ನಡಿಯ ಚಿತ್ರ ತೆಗೆಯುವವನು ಕನ್ನಡಿಯಲ್ಲಿ ಏನು ಕಾಣುತ್ತಿದೆ ಎಂದು ಮೊದಲು ನೋಡಬೇಕು. ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ ಎಂದು ನಿಮಗೆಲ್ಲ ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದವನು ನಾನು. ಆದರೂ ಫೋನಿನ ಫ್ಲ್ಯಾಶ್ ಹೊತ್ತಿಸಿ, ರಾಣಿಯ ಮುಖದ ಬದಲು ಬಿಳಿಯ ಮಚ್ಚೆಯೊಂದನ್ನು ಸೆರೆಹಿಡಿದು ಪೆಚ್ಚಾದೆ. ಅಂದು ನಿಮ್ಮಲ್ಲಿ ಯಾರಾದರೂ ಎದುರಿಗಿದ್ದಿದ್ದರೆ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ.

ಈಗ ನಾನು ಅನುಸರಿಸುವ ಕ್ರಮ ಸರಳವಾದುದು. ಕಿಟಕಿಯ ಬಳಿಯ ಮೇಜಿನ ಮೇಲೆ ದಪ್ಪ ನಿಘಂಟುಗಳನ್ನು ಒಂದು ಗೇಣಿನಷ್ಟು ಎತ್ತರಕ್ಕೆ ಪೇರಿಸಿ, ಫೋನಿನ ಮಸೂರದ ಭಾಗ ಮಾತ್ರ ಹೊರಚಾಚುವಂತೆ ಇಟ್ಟು, ಅದರ ಇನ್ನೊಂದು ತುದಿಯ ಮೇಲೆ ಮತ್ತೊಂದು ಪುಸ್ತಕ ಹೇರುತ್ತೇನೆ. ಗುಂಡಿ ಒತ್ತುವಾಗ ಕೈ ಅಲುಗುವುದರಿಂದ ಎರಡು ಸೆಕೆಂಡಿನ ಟೈಮರ್ ಇಡುತ್ತೇನೆ. ಫೋನನ್ನು ನಾಣ್ಯಕ್ಕೆ ತೀರ ಹತ್ತಿರ ಒಯ್ಯಬಾರದು. ಈಚಿನ ಹಲವು ಫೋನುಗಳು ಹತ್ತಿರ ಹೋದೊಡನೆ ತಾವಾಗಿಯೇ ಅಗಲನೋಟದ ಮಸೂರಕ್ಕೆ ಬದಲಾಗುತ್ತವೆ. ಆಗ ನಾಣ್ಯದ ದುಂಡು ಕೆಡುತ್ತದೆ, ಫೋನಿನ ನೆರಳೂ ಅದರ ಮೇಲೆಯೇ ಬೀಳುತ್ತದೆ. ಒಂದು ಗೇಣು ದೂರವಿಟ್ಟು ಎರಡರಷ್ಟು ಹಿಗ್ಗಿಸಿ ತೆಗೆದು, ಬೇಡದ ಅಂಚನ್ನು ಆಮೇಲೆ ಕತ್ತರಿಸುವುದು ಲೇಸು. ಫೋನು ನಾಣ್ಯಕ್ಕೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ನಾಣ್ಯದ ಜಾಗದಲ್ಲಿ ಚಿಕ್ಕದೊಂದು ಕನ್ನಡಿಯಿಟ್ಟು ನೋಡಿ: ಮಸೂರದ ಬಿಂಬ ಪರದೆಯ ನಟ್ಟನಡುವೆ ಕಂಡರೆ ಸರಿಯಾಗಿದೆ. ಓರೆಯಾಗಿದ್ದರೆ ನಾಣ್ಯದ ಒಂದು ಅಂಚು ಸ್ಪಷ್ಟವಾಗಿಯೂ ಮತ್ತೊಂದು ಮಸುಕಾಗಿಯೂ ಬರುತ್ತದೆ.

ನೇರ ಬಿಸಿಲು ಬೇಡ. ಉತ್ತರದ ಕಿಟಕಿಯ ಬೆಳಕು ಉತ್ತಮ. ಇಲ್ಲವೆಂದರೆ ಬಟರ್ ಪೇಪರಿನ ಮರೆ ಹಿಡಿದ ಎಲ್‌ಇಡಿ ದೀಪವೂ ಆದೀತು. ಆದರೆ ಎರಡನ್ನೂ ಬೆರೆಸಿದರೆ ಬೆಳ್ಳಿಯ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ. ಬೆಳಕು ಯಾವಾಗಲೂ ನಾಣ್ಯದ ತಲೆಯ ಕಡೆಯಿಂದ ಬರಬೇಕು. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬೀಳುವುದೇ ಅಭ್ಯಾಸ. ಕೆಳಗಿನಿಂದ ಬಿದ್ದರೆ ಉಬ್ಬಿದ ಅಕ್ಷರಗಳು ತಗ್ಗಿನಲ್ಲಿ ಕೊರೆದಂತೆ ಕಾಣುತ್ತವೆ. ಟಿಪ್ಪುವಿನ ಆನೆ ನನ್ನ ಮೊದಲ ಚಿತ್ರದಲ್ಲಿ ಗುಂಡಿಗೆ ಬಿದ್ದಂತೆ ಕಂಡದ್ದು ಇದೇ ಕಾರಣದಿಂದ, ಮೊಮ್ಮಗಳು, "ತಾತ, ಆನೆಯನ್ನು ಹಿಡಿಯಲು ಖೆಡ್ಡಾ ತೋಡಿದ್ದಾರಾ?" ಎಂದು ಕೇಳಿದಳು. ಸವೆದ ತಾಮ್ರಕ್ಕೆ ಮಗ್ಗುಲಿನಿಂದ, ತೀರ ತಗ್ಗಿನಿಂದ ಬರುವ ಬೆಳಕು ಒಳ್ಳೆಯದು. ಸವೆದ ಗೆರೆಗಳಿಗೂ ಸಣ್ಣ ನೆರಳು ಹುಟ್ಟಿ, ಕಣ್ಣಿಗೇ ಕಾಣದಿದ್ದ ಅಕ್ಷರಗಳು ಎದ್ದುಬರುತ್ತವೆ.

ಬೆಳ್ಳಿಯ ರೂಪಾಯಿಗೆ ಈ ಉಪಾಯ ಸಾಲದು. ಅದಕ್ಕಾಗಿ ಹಳೆಯ ಫೋಟೊ ಚೌಕಟ್ಟಿನ ಗಾಜೊಂದನ್ನು ಬಿಚ್ಚಿಕೊಂಡೆ. ನಾಣ್ಯಕ್ಕೂ ಫೋನಿಗೂ ನಡುವೆ ಆ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ಗಾಜಿಗೆ ದೀಪ ಹಿಡಿದರೆ ಬೆಳಕಿನ ಒಂದು ಪಾಲು ಪ್ರತಿಫಲಿಸಿ ನೇರ ನಾಣ್ಯದ ಮೇಲೆ ಇಳಿಯುತ್ತದೆ. ಫೋನು ಗಾಜಿನ ಮೂಲಕವೇ ನೋಡುತ್ತದೆ. ದೀಪದ ಬೆಳಕು ನಾಣ್ಯಕ್ಕೆ ನೇರವಾಗಿ ತಾಗದಂತೆ ರಟ್ಟಿನ ಚೂರೊಂದನ್ನು ಅಡ್ಡವಿಡಬೇಕು. ವಿಕ್ಟೋರಿಯಾ ರೂಪಾಯಿಯಲ್ಲಿ ಇದರ ಪ್ರಯೋಜನ ಎದ್ದು ಕಂಡಿತು. 1862 ಎಂಬ ಇಸವಿಯನ್ನೇ ಹೊತ್ತ ರೂಪಾಯಿಗಳನ್ನು 1874ರವರೆಗೂ ಟಂಕಿಸಲಾಯಿತು. ಇಸವಿಯ ಬಳಿಯಿರುವ ಸೂಕ್ಷ್ಮ ಚುಕ್ಕಿಗಳನ್ನು ಎಣಿಸಿಯೇ ಸಂಗ್ರಾಹಕರು ಒಂದರಿಂದ ಒಂದನ್ನು ಬೇರ್ಪಡಿಸುತ್ತಾರೆ. ಎಲ್ಲವೂ ಒಂದೇ ಎಂದು ನಾವು ಇಷ್ಟು ವರ್ಷ ತಿಳಿದಿದ್ದ ಅಜ್ಜನ ರೂಪಾಯಿಗಳಲ್ಲಿ ನಾಲ್ಕು 1862ರವು. ಅವುಗಳ ಚುಕ್ಕಿಗಳ ಲೆಕ್ಕ ಒಂದರಂತೆ ಒಂದಿಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ನಿಮ್ಮಲ್ಲೊಬ್ಬರು ಅದನ್ನೇ ಮಾಡಬಹುದು. ಎರಡು ಮಯಿಲಿ ಕಾಸುಗಳಲ್ಲಿ ಒಂದನ್ನು, ಚಿತ್ರ ಚೆನ್ನಾಗಿ ಬರಲೆಂದು, ಪೂಜೆಯ ತಂಬಿಗೆ ಬೆಳಗುವಂತೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ಕೊಳೆಯಾವುದು, ಕಾಲ ಕಟ್ಟಿದ ಪದರವಾವುದು ಎಂಬ ಭೇದ ತಿಳಿಯದು. ನೂರೈವತ್ತು ವರ್ಷಕ್ಕೂ ಮೀರಿ ಆ ತಾಮ್ರದ ಮೇಲೆ ಕೂತು ಅದನ್ನು ಕಾಯ್ದಿದ್ದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಯಿತು. ಉಳಿದದ್ದು ಹಸಿ ಗಾಯದಂತಹ ಗುಲಾಬಿ ಬಣ್ಣದ ಒಂದು ಬಿಲ್ಲೆ. ಅಪ್ಪ ಆ ನಾಣ್ಯವನ್ನು ಅಂಗೈಯಲ್ಲಿಟ್ಟು "ಮಯಿಲಿ ಕಾಸು" ಎಂಬ ಕನ್ನಡ ಅಕ್ಷರಗಳನ್ನು ನನ್ನಿಂದ ಓದಿಸಿದ್ದರು. ಅವರಿದ್ದಾಗ ಎಂದೂ ಅದನ್ನು ತೊಳೆದದ್ದಿಲ್ಲ. ದಯವಿಟ್ಟು ಯಾರೂ ನಾಣ್ಯವನ್ನು ಹುಣಸೆಯಲ್ಲಾಗಲಿ, ಸೋಡಾದಲ್ಲಾಗಲಿ, ಟೂತ್‌ಪೇಸ್ಟಿನಲ್ಲಾಗಲಿ ತಿಕ್ಕಬೇಡಿ. ಧೂಳನ್ನು ರಬ್ಬರಿನ ಬುರುಡೆಯಿಂದ ಗಾಳಿಯೂದಿ ಕಳೆಯಿರಿ, ಒರೆಸಲೂ ಹೋಗಬೇಡಿ. ಮೇಜಿನ ಮೇಲೆ ಮಡಿಸಿದ ಟವೆಲು ಹಾಸಿ, ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ.

ಹುಣಸೆಹಣ್ಣಿನ ಕೆಲಸವನ್ನೇ ಕಂಪ್ಯೂಟರಿನಲ್ಲಿ ಮಾಡುವವರೂ ಇದ್ದಾರೆ. ಬಣ್ಣ ಏರಿಸಿ, ಗೀರು ಅಳಿಸಿ, ಅಂಚುಗಳನ್ನು ಹರಿತಗೊಳಿಸಿ, ಸವೆದ ನಾಣ್ಯವನ್ನು ನಿನ್ನೆ ಟಂಕಸಾಲೆಯಿಂದ ಬಂದಂತೆ ತೋರಿಸುವುದನ್ನು ನಾನು ಒಪ್ಪಲಾರೆ. ಮಾರಾಟಕ್ಕೆ ಹಾಗೆ ಮಾಡಿದರೆ ಅದು ಮೋಸ. ಮನೆಮಕ್ಕಳಿಗೆ ಹಾಗೆ ಮಾಡಿ ಕೊಡುವುದೂ ಸುಳ್ಳನ್ನು ಕೊಟ್ಟಂತೆಯೇ. ಬೆಳಕಿನ ಹೆಚ್ಚುಕಡಿಮೆ ಸರಿಪಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ಏಕೆಂದರೆ ಕ್ಯಾಮೆರಾ ತಾನೇ ತಪ್ಪುತ್ತದೆ: ಬಿಳಿ ಹಾಸಿನ ಮೇಲಿಟ್ಟ ನಾಣ್ಯವನ್ನು ಕಪ್ಪಾಗಿಸುತ್ತದೆ, ಕಪ್ಪು ಹಾಸಿನ ಮೇಲಿನದನ್ನು ಬೆಳ್ಳಗಾಗಿಸುತ್ತದೆ. ಬೂದು ಬಣ್ಣದ ಕಾಗದ ಹಾಸಿದರೆ ಈ ತೊಂದರೆ ಕಡಿಮೆ. ಪ್ರತಿ ನಾಣ್ಯದ ಎರಡೂ ಮುಖಗಳು, ಜೊತೆಗೆ ಅಳತೆಪಟ್ಟಿಯಿಟ್ಟ ಒಂದು ಚಿತ್ರ, ಇಷ್ಟಿರಲಿ. ಅಳತೆಪಟ್ಟಿ ಇಲ್ಲದಿದ್ದರೆ ಸುಮಾರು 30 ಮಿಲಿಮೀಟರಿನ ರೂಪಾಯಿಯೂ 6 ಮಿಲಿಮೀಟರಿನ ಕಂಠೀರಾಯಿ ಹಣವೂ ಪರದೆಯ ಮೇಲೆ ಒಂದೇ ಗಾತ್ರದವು.

ಚಿತ್ರಗಳನ್ನು ಕಳಿಸಿದ ರಾತ್ರಿಯೇ ತಮ್ಮನ ಮಗ ಫೋನು ಮಾಡಿದ. "ದೊಡ್ಡಪ್ಪ, ಕಾಸುಗಳಲ್ಲಿ ಒಂದು ಮಾತ್ರ ಯಾಕೆ ಹಾಗೆ ಕೆಂಪಗಿದೆ?" ಎಂದ. ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾಸು ನನ್ನ ಪಾಲಿಗೇ ಇರಲಿ, ನಿಮ್ಮ ಹತ್ತಿರವೇ ಇಟ್ಟಿರಿ" ಎಂದ.

ಕಂಠೀರಾಯಿ ಹಣಗಳ ಕೆಲಸ ಇನ್ನೂ ಮುಗಿದಿಲ್ಲ. ನರಸಿಂಹನ ಮುಖ ಸ್ಪಷ್ಟವಾದರೆ ಅಂಚು ಮಸುಕಾಗುತ್ತಿದೆ. ಮೋಡವಿಲ್ಲದ ಬೆಳಗಿಗಾಗಿ ಕಾಯುತ್ತಿದ್ದೇನೆ.