ಹಾಡಿಗೂ ಬಿಡುಗಡೆ ಬೇಕು

ಆರಾಧನೆಯಲ್ಲಿ ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸಲು ಯಾವ ತಂತ್ರಾಂಶ ಒಳ್ಳೆಯದು ಎಂದು ನಮ್ಮ ಸಭೆಗಳಲ್ಲಿ ಆಗಾಗ ವಿಚಾರಿಸುತ್ತಾರೆ. ಮುಕ್ತ ತಂತ್ರಾಂಶದ ಗೆಳೆಯರು ತಡಮಾಡದೆ ಹೇಳುತ್ತಾರೆ: ಓಪನ್‌ಎಲ್‌ಪಿ ಹಾಕಿಕೊಳ್ಳಿ, ಒಂದು ರೂಪಾಯಿಯೂ ಖರ್ಚಿಲ್ಲ. ಹಲವು ವರ್ಷ ನಾನೂ ಇದನ್ನೇ ಹೇಳಿದವನು. ಆ ಗೆಳೆಯರ ಮೇಲೆ ನನಗೆ ಪ್ರೀತಿಯಿದೆ, ಅವರ ಶ್ರಮದ ಫಲವನ್ನು ಪ್ರತಿ ಭಾನುವಾರ ಉಣ್ಣುತ್ತೇನೆ. ಆದರೂ ಈಗ ಯಾರಾದರೂ ಕೇಳಿದರೆ ತಂತ್ರಾಂಶದ ಹೆಸರು ಹೇಳುವ ಮೊದಲು ಬೇರೊಂದನ್ನು ಕೇಳುತ್ತೇನೆ. ನಿಮ್ಮ ಹಾಡುಗಳು ಯಾವ ಅಕ್ಷರದಲ್ಲಿವೆ?

ನಮ್ಮ ಸಭೆಯಲ್ಲಿ ಪರದೆ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕಿ ಊರು ಬಿಟ್ಟಾಗ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಅದರಲ್ಲಿ ನೂರಾರು ಪವರ್‌ಪಾಯಿಂಟ್ ಕಡತಗಳಿದ್ದವು. ಶನಿವಾರ ರಾತ್ರಿ ಕುಳಿತು ಮರುದಿನದ ಹಾಡುಗಳನ್ನೆಲ್ಲ ಓಪನ್‌ಎಲ್‌ಪಿಗೆ ಅಂಟಿಸಿದೆ. ಪರದೆಯಲ್ಲಿ ಹೇಗೆ ಕಾಣುತ್ತದೆಂದು ನೋಡುವ ತಾಳ್ಮೆ ಉಳಿದಿರಲಿಲ್ಲ. ಬೆಳಿಗ್ಗೆ ಮೊದಲ ಹಾಡಿಗೇ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಗೊಜಲು, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ. ಹಿರಿಯರು ಪರದೆಯನ್ನು ನೋಡಲೇ ಇಲ್ಲ, ಬಾಯಿಪಾಠವಿದ್ದುದನ್ನು ಹಾಡಿಕೊಂಡು ಹೋದರು. ಯುವಜನರು ಮೂರು ಚರಣವೂ ಸುಮ್ಮನೆ ನಿಂತಿದ್ದರು. ಆ ಮೌನ ನನ್ನನ್ನು ಬಹಳ ದಿನ ಕಾಡಿತು.

ತಪ್ಪು ತಂತ್ರಾಂಶದ್ದಲ್ಲ. ಆ ಹಾಡುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಕಾಣಿಸಲು ಇದ್ದ ಉಪಾಯ ಅದು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ನುಡಿ, ಬರಹ ತಂತ್ರಾಂಶಗಳು ಇಲ್ಲದಿದ್ದರೆ ಕನ್ನಡದ ಎಷ್ಟೋ ಕೆಲಸ ನಿಂತೇ ಹೋಗುತ್ತಿತ್ತು. ಆ ಉಪಕಾರವನ್ನು ಮರೆಯುವಂತಿಲ್ಲ. ಈಗ ಎರಡರಲ್ಲೂ ಯೂನಿಕೋಡ್ ಇದೆ. ಆದರೆ ಅಂದು ಟೈಪಾದ ಕಡತದೊಳಗೆ ‘ದೇವರು’ ಎಂಬ ಪದ ಇಲ್ಲ, ಅದರ ಚಿತ್ರ ಬರೆಯಲು ಬೇಕಾದ ಗುರುತುಗಳು ಮಾತ್ರ ಇವೆ. ಫಾಂಟ್ ಇದ್ದರೆ ಚಿತ್ರ ಮೂಡುತ್ತದೆ, ಇಲ್ಲದಿದ್ದರೆ ಗೊಜಲು.

ಇಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ, ಬಳಸಿದ್ದೇನೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ನಡೆಯುತ್ತದೆ, ರಕಾರ ಮೊದಲು ಬರಬೇಕು. ಉಪಕರಣ ಇದರ ಸ್ಥಳವನ್ನು ಸರಿಯಾಗಿ ಬದಲಿಸದಿದ್ದರೆ ‘ಮಾರ್ಗ’, ‘ಸ್ವರ್ಗ’ ಎಲ್ಲವೂ ಕೆಡುತ್ತವೆ. ನಮ್ಮ ಆರಾಧನೆಯ ಉಸಿರಾದ ‘ಕರ್ತನೇ’ ಎಂಬ ಪದವೇ ‘ಕತರ್‌ನೇ’ ಆಗಿ ನಿಲ್ಲುತ್ತದೆ. ಒಂದು ಹಾಡಿನಲ್ಲಿ ಆ ಪದ ಎಂಟು ಸಲ ಬಂದರೆ ಎಂಟು ಸಲವೂ ಹಾಗೆಯೇ. ಮನುಷ್ಯರು ಓದಿ ತಿದ್ದದೆ ಬೇರೆ ದಾರಿಯಿಲ್ಲ.

ಇದರಿಂದ ಗೆಳೆಯರಿಗೆ ಒಪ್ಪಿಗೆಯಾಗದ ಒಂದು ಮಾತು ಹೇಳಬೇಕಾಗಿದೆ. ಶುದ್ಧವಾಗಿ ತಿದ್ದಿದ ಯೂನಿಕೋಡ್ ಹಾಡುಗಳನ್ನು ಇಟ್ಟುಕೊಂಡು ಪ್ರೊಪ್ರೆಸೆಂಟರಿನಂಥ, ಹಣ ಕೊಟ್ಟು ಪಡೆಯುವ ತಂತ್ರಾಂಶ ಬಳಸುವ ಸಭೆ, ಗೊಜಲಿನ ಹಾಡುಗಳೊಂದಿಗೆ ಮುಕ್ತ ತಂತ್ರಾಂಶ ಬಳಸುವ ಸಭೆಗಿಂತ ಹೆಚ್ಚು ಸ್ವತಂತ್ರವಾಗಿದೆ. ಮೊದಲನೆಯವರು ನಾಳೆ ತಮ್ಮ ಹಾಡುಗಳನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಎರಡನೆಯವರು ಒಂದು ಹಳೆಯ ಫಾಂಟಿಗೆ, ಅದನ್ನು ಬಲ್ಲ ಒಬ್ಬ ಹುಡುಗನಿಗೆ ಕಟ್ಟುಬಿದ್ದಿದ್ದಾರೆ.

ಹಾಗಾದರೆ ಓಪನ್‌ಎಲ್‌ಪಿಯಿಂದ ಏನು ಲಾಭ? ಲಾಭ ಇದೆ, ಅದು ಬೆಲೆಯಲ್ಲಿಲ್ಲ. ಪೈಥಾನ್ ಭಾಷೆಯಲ್ಲಿ ಬರೆದು ಜಿಪಿಎಲ್ ಪರವಾನಗಿಯಡಿ ಹಂಚಿರುವ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಂದೆರಡು ಪದ ಟೈಪಿಸಿದರೆ ಹಾಡು ಹುಡುಕಿ ಕೊಡುತ್ತದೆ. ಗೊಜಲಿನ ಪಠ್ಯದಲ್ಲಿ ಈ ಅನುಕೂಲವೇ ಸತ್ತುಹೋಗುತ್ತದೆ. ಚರಣ, ಪಲ್ಲವಿಗಳನ್ನು ಒಂದೊಂದು ಸಲ ಬರೆದು ಹಾಡುವ ಕ್ರಮವನ್ನು ಬೇರೆಯಾಗಿ ಕೊಟ್ಟರೆ ಸಾಕು. ನಮ್ಮ ಕೀರ್ತನೆಗಳು ಪಲ್ಲವಿಯಿಂದಲೇ ಆರಂಭವಾಗಿ ಪ್ರತಿ ಚರಣದ ನಂತರ ಅದಕ್ಕೇ ಮರಳುತ್ತವಲ್ಲ, ಆ ನಡೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಎಲ್ಲಕ್ಕಿಂತ ನನಗೆ ಮುಖ್ಯವಾದದ್ದು, ಹಾಡುಗಳನ್ನು ಓಪನ್‌ಲಿರಿಕ್ಸ್ ಎಂಬ ಮುಕ್ತ ರೂಪದಲ್ಲಿ ಹೊರತೆಗೆಯಬಹುದು. ಅದು ಸಾದಾ ಪಠ್ಯದ ಕಡತ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಅದರಲ್ಲಿ ಪ್ರತಿ ಚರಣದ ಭಾಷೆ ಗುರುತಿಸಬಹುದು. ಪದ ಬರೆದವರು, ರಾಗ ಕೂಡಿಸಿದವರು, ಅನುವಾದಿಸಿದವರು ಎಂದು ಹೆಸರುಗಳನ್ನು ಪ್ರತ್ಯೇಕವಾಗಿ ದಾಖಲಿಸಬಹುದು. ಒಂದು ಲಿಪಿಯ ಚರಣವನ್ನು ಇನ್ನೊಂದು ಲಿಪಿಯಲ್ಲಿ ಬರೆದುಕೊಳ್ಳಲೂ ಗುರುತು ಇದೆ. ಬೆಂಗಳೂರಿನಲ್ಲಿ ಕನ್ನಡ ಮಾತಾಡಬಲ್ಲ, ಓದಲು ಬಾರದ ಮಕ್ಕಳಿರುವ ಸಭೆಗಳಿಗೆ ಇದು ಎಷ್ಟು ಬೇಕಾದದ್ದು ಎಂದು ಅಲ್ಲಿನವರೇ ಬಲ್ಲರು.

ಬರೆದವರ ಹೆಸರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಲ್ಲಿ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಜರ್ಮನ್ ಗೀತೆಗಳ ಅನುವಾದ ಒಂದು ಕಡೆ, ನೆಲದ ಧಾಟಿಯ ಕೀರ್ತನೆ ಇನ್ನೊಂದು ಕಡೆ, ಎರಡೂ ಕೂಡಿ ನಮ್ಮ ಗೀತೆಗಳ ಪರಂಪರೆ ಬೆಳೆಯಿತು, ಆದ್ದರಿಂದ ಯಾರು ಬರೆದರು, ಯಾರು ಅನುವಾದಿಸಿದರು ಎಂಬುದು ಉಳಿಯಬೇಕು. ನಿಘಂಟಿನಿಂದ ನಮಗೆ ಪರಿಚಿತರಾದ ಕಿಟೆಲ್ 1862ರಲ್ಲಿ ಕ್ರಿಸ್ತಚರಿತ್ರೆಯನ್ನು ಇಲ್ಲಿನ ಛಂದಸ್ಸಿಗೆ ಒಗ್ಗಿಸಿ ‘ಕಥಾಮಾಲೆ’ ಬರೆದರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಸಾಲು ಎಲ್ಲಿ ನಿಲ್ಲಬೇಕು, ಗಣ ಎಲ್ಲಿ ಮುಗಿಯಬೇಕು ಎಂದು ಅಷ್ಟು ಎಚ್ಚರ ವಹಿಸಿದವರ ಭಾಷೆಯನ್ನು ನಾವು ಪರದೆಯ ಅಗಲ ಸಾಲದೆಂದು ಎಲ್ಲೆಂದರಲ್ಲಿ ಮುರಿಯುತ್ತೇವೆ. ಸಂಧಿಯಿಂದ ಉದ್ದವಾದ ಕನ್ನಡ ಪದಗಳು ದೊಡ್ಡ ಅಕ್ಷರದಲ್ಲಿ ಒಂದು ಸಾಲಿಗೆ ಹಿಡಿಯದಿದ್ದರೆ ಕೊನೆಯ ಪದ ಮಾತ್ರ ಕೆಳಗೆ ಬೀಳುತ್ತದೆ, ಹಾಡುವವರ ಉಸಿರು ತಪ್ಪು ಜಾಗದಲ್ಲಿ ಮುಗಿಯುತ್ತದೆ. ರಾಗ ಬಲ್ಲವರೇ ಕುಳಿತು ಸಾಲು ಮುರಿಯಬೇಕು. ಅದನ್ನು ತಂತ್ರಾಂಶದ ಕೈಗೆ ಬಿಡಬಾರದು.

ಪುಸ್ತಕವೇ ಸಾಕಿತ್ತು, ಪರದೆಯೇ ಬೇಡ ಎನ್ನುವವರೂ ಇದ್ದಾರೆ. ಅವರೊಂದಿಗೂ ನಾನು ಪೂರ್ತಿ ಇಲ್ಲ. ಕಣ್ಣು ಮಂಜಾದ ಹಿರಿಯರಿಗೆ ದೊಡ್ಡ ಅಕ್ಷರ ದೊಡ್ಡ ಉಪಕಾರ. ಆದರೆ ಅವರ ಮಾತಿನಲ್ಲಿ ಒಂದು ಸತ್ಯ ಇದೆ. ಸಂಗೀತದ ಪುಸ್ತಕ ಅಚ್ಚಾಗುವ ಮುನ್ನ ಯಾರೋ ಕರಡು ತಿದ್ದುತ್ತಿದ್ದರು, ತಪ್ಪಾದರೆ ಹೊಣೆ ಹೊರುತ್ತಿದ್ದರು. ಈಗ ಹಾಡು ವಾಟ್ಸ್ಯಾಪಿನಲ್ಲಿ ಬರುತ್ತದೆ, ಅಲ್ಲಿಂದ ನೇರ ಪರದೆಗೆ ಹೋಗುತ್ತದೆ. ‘ಹಾಡುವೆ’ ಎಂಬುದು ‘ಆಡುವೆ’ ಆಗಿದ್ದನ್ನು ಕಂಡಿದ್ದೇನೆ. ಶಿಲುಬೆಯ ಹಾಡಿನಲ್ಲಿ ‘ಭಾರ’ ಎಂಬ ಪದ ಮಹಾಪ್ರಾಣ ಕಳೆದುಕೊಂಡು ‘ಬಾರ’ ಆಗಿತ್ತು. ಹೊರೆ ಎಂಬ ಅರ್ಥ ಹೋಗಿ ಅವನು ಬರುವುದಿಲ್ಲ ಎಂದಾಯಿತು. ನೆನಪಿನಿಂದ ಹಾಡುವ ಅಜ್ಜಿಗೆ ಇದರಿಂದ ಏನೂ ಆಗುವುದಿಲ್ಲ. ಪರದೆಯಿಂದಲೇ ಹಾಡು ಕಲಿಯುವ ಮಗುವಿಗೆ ಅದೇ ಮೂಲಪಾಠವಾಗುತ್ತದೆ.

ಗೆಳೆಯರು ಒಂದು ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ: ತಂತ್ರಾಂಶ ಬರೆದವರು ತಮ್ಮ ಕೆಲಸ ಮಾಡಿದ್ದಾರೆ, ಹಾಡು ತಿದ್ದುವುದು ಅವರ ಹೊಣೆಯೇ? ಖಂಡಿತ ಅಲ್ಲ. ಅದು ನಮ್ಮ ಹೊಣೆ. ಅದಕ್ಕೇ ಈ ಮಾತು. ಉಚಿತ ತಂತ್ರಾಂಶ ಸಿಕ್ಕ ಕೂಡಲೇ ಕೆಲಸ ಮುಗಿಯಿತು ಎಂದು ಸಭೆಯ ಕಮಿಟಿ ಸುಮ್ಮನಾಗುತ್ತದೆ. ಉಳಿದ ಹಣದಲ್ಲಿ ಇನ್ನೊಂದು ಸ್ಪೀಕರ್ ಬರುತ್ತದೆ. ಪ್ರತಿ ಸಭೆಯೂ ಅವೇ ಹಾಡುಗಳನ್ನು ಮತ್ತೆ ಮತ್ತೆ ಬೇರೆ ಬೇರೆ ತಪ್ಪುಗಳೊಂದಿಗೆ ಟೈಪಿಸುತ್ತದೆ. ಒಬ್ಬರು ತಿದ್ದಿದ್ದು ಎಲ್ಲರಿಗೂ ದಕ್ಕಬೇಕು ಎಂಬುದು ಮುಕ್ತ ತಂತ್ರಾಂಶದ ತಿರುಳು. ಅದನ್ನು ಹಾಡಿಗೂ ಅನ್ವಯಿಸಿದರೆ ಆ ತಂತ್ರಾಂಶ ಬರೆದವರಿಗೆ ನಾವು ಸಲ್ಲಿಸುವ ನಿಜವಾದ ಕೃತಜ್ಞತೆ ಅದೇ ಎಂದು ನನ್ನ ನಂಬಿಕೆ.

ಕಾನೂನಿನ ಎಚ್ಚರವೂ ಬೇಕು. ಅಮೆರಿಕದಲ್ಲಿ ಹಾಡುಗಳನ್ನು ಒಪ್ಪಿಗೆಯಿಲ್ಲದೆ ನಕಲು ಮಾಡಿದ ಪ್ರಕರಣದಲ್ಲಿ 1984ರಲ್ಲಿ ಷಿಕಾಗೊದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ವಿರುದ್ಧ ಜ್ಯೂರಿ 30 ಲಕ್ಷ ಡಾಲರಿಗೂ ಮೀರಿದ ಪರಿಹಾರ ವಿಧಿಸಿತ್ತು. ಮೇಲ್ಮನವಿಯಲ್ಲಿ ಅದು ಹಾಗೇ ನಿಲ್ಲಲಿಲ್ಲವಾದರೂ ಚರ್ಚುಗಳು ಎಚ್ಚೆತ್ತವು. 1988ರಲ್ಲಿ ಸಿಸಿಎಲ್‌ಐ ಎಂಬ ಪರವಾನಗಿ ಸಂಸ್ಥೆ ಹುಟ್ಟಿತು. ಓಪನ್‌ಎಲ್‌ಪಿಯಲ್ಲಿ ಹಾಡು ತಿದ್ದುವ ಕಿಟಕಿಯಲ್ಲಿ ಅದರ ಸಂಖ್ಯೆ ಬರೆಯಲು ಜಾಗವೇ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಪಠ್ಯವನ್ನು ನಕಲಿಸಿ ಊರಿಗೆಲ್ಲ ಹಂಚುವುದು ಬೇರೆ ವಿಷಯ. ಇಂದು ಬದುಕಿರುವ ಗೀತೆಕಾರರನ್ನು ಕೇಳಿಯೇ ಹಂಚಬೇಕು, ಅದು ಮರ್ಯಾದೆಯೂ ಹೌದು. ಕಾಯ್ದೆಯ ಪ್ರಕಾರ ಕೃತಿಸ್ವಾಮ್ಯ ಉಳಿಯುವುದು ಬರೆದವರು ತೀರಿಕೊಂಡ ನಂತರ 60 ವರ್ಷಗಳವರೆಗೆ. ಕಿಟೆಲ್ 1903ರಲ್ಲಿ ತೀರಿಕೊಂಡರು, ಅವರಿಗಿಂತ ಮೊದಲು ಮಂಗಳೂರಿಗೆ ಬಂದ ಮಿಷನರಿ ಮೋಗ್ಲಿಂಗ್ 1881ರಲ್ಲಿ. ಆ ಕಾಲದವರು ಬರೆದದ್ದೆಲ್ಲ ಎಂದೋ ಸಾರ್ವಜನಿಕ ಸ್ವತ್ತಾಗಿದೆ. ಅಲ್ಲಿಂದಲೇ ಶುರುಮಾಡಬಹುದು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಯೂನಿಕೋಡಿನಲ್ಲಿ ಟೈಪಿಸಬಲ್ಲ ಒಬ್ಬರು, ಕನ್ನಡ ಮೇಷ್ಟ್ರು ಒಬ್ಬರು, ಸಾಲು ಎಲ್ಲಿ ಮುರಿಯಬೇಕೆಂದು ಹೇಳಬಲ್ಲ ಕ್ವಾಯರಿನವರು ಒಬ್ಬರು, ಹಳೆಯ ಹಾಡು ಬಾಯಿಗೆ ಬರುವ ಹಿರಿಯರೊಬ್ಬರು. ವಾರಕ್ಕೆ ಐದು ಹಾಡು ತಿದ್ದಿದರೂ ವರ್ಷಕ್ಕೆ 260 ಆಗುತ್ತವೆ. ಮುಗಿದ ಹಾಡುಗಳನ್ನು ಓಪನ್‌ಲಿರಿಕ್ಸ್‌ ರೂಪದಲ್ಲಿ ಪಕ್ಕದ ಸಭೆಗೆ ಕೊಡಿ. ಅವರು ಯಾವ ಪಂಗಡದವರು, ಯಾವ ತಂತ್ರಾಂಶ ಬಳಸುತ್ತಾರೆ ಎಂದು ಕೇಳಬೇಡಿ.

ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಈ ಕೆಲಸ ಆರಂಭಿಸಿದ್ದೇವೆ. ಸ್ತ್ರೀಯರ ಅನ್ಯೋನ್ಯ ಕೂಟದ ಅಜ್ಜಿಯೊಬ್ಬರು ಮೊನ್ನೆ ಪರದೆಯ ಮೇಲಿನ ಹಾಡನ್ನು ಪೂರ್ತಿ ಕೇಳಿಸಿಕೊಂಡು, ‘ಮೂರನೇ ಚರಣ ಎಲ್ಲಿ ಹೋಯಿತಪ್ಪ?’ ಎಂದರು. ಹಳೆಯ ಪವರ್‌ಪಾಯಿಂಟಿನಲ್ಲಿ ಅದು ಇರಲೇ ಇಲ್ಲ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಹೇಳುತ್ತ ಹೋದರು, ಪಕ್ಕದಲ್ಲಿದ್ದ ಹುಡುಗಿ ಟೈಪಿಸಿಕೊಂಡಳು.