ಕಂಡದ್ದನ್ನು ಬರೆಯುವ ಇಂಗ್ಲಿಷ್ ಕಲಿಸೋಣ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಂದ ಹೊರ ಊರಿಗೆ, ಹೊರ ದೇಶಕ್ಕೆ ಹೋಗುವ ಎರಕದ ಬಿಡಿಭಾಗದಲ್ಲಿ ದೋಷ ಕಂಡರೆ ಅದನ್ನು ಯಾರಾದರೂ ಇಂಗ್ಲಿಷಿನಲ್ಲಿ ಬರೆದಿಡಲೇಬೇಕು. 'ಕಾಸ್ಟಿಂಗ್ ನಾಟ್ ಗುಡ್' ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಬ್ಲೋಹೋಲ್ ಎಂಬ ಗಾಳಿತೂತು ಅಂಚಿನಲ್ಲಿದೆಯೋ ನಡುವೆ ಇದೆಯೋ, ಎಷ್ಟು ದೊಡ್ಡದು, ಒಂಟಿಯೋ ಗುಂಪೋ ಎಂಬುದೆಲ್ಲ ಒಂದೆರಡು ವಾಕ್ಯದಲ್ಲಿ ಬರಬೇಕು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸುವ ನರ್ಸ್‌ಗೂ ಇದೇ ಕೆಲಸ: ಗಾಯದ ಸುತ್ತ ಕೆಂಪಾಗಿದೆಯೇ, ಬಾವು ಇಳಿದಿದೆಯೇ ಎಂದು ಮುಂದಿನ ಪಾಳಿಯವರಿಗೆ ಕಾಣುವಂತೆ ಬರೆಯುವುದು. ವರ್ಣನೆ ಎಂದ ಕೂಡಲೇ ಹೂವು, ಚಂದ್ರ, ಸೂರ್ಯಾಸ್ತ ನೆನಪಾಗುವ ನಮಗೆ ಅದು ಹೊಟ್ಟೆಪಾಡಿನ ವಿದ್ಯೆ ಎಂಬುದು ಇನ್ನೂ ಮನದಟ್ಟಾಗಿಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಆಗ ಅಕ್ಷರ ಕಲಿತ ಮಕ್ಕಳು ಈಗ ದುಡಿಯುವ ವಯಸ್ಸಿನವರು. ಹತ್ತು ವರ್ಷ ಇಂಗ್ಲಿಷ್ ಓದಿ ಬಂದವರಿಗೂ ಎದುರಿಗಿರುವ ವಸ್ತುವಿನ ಮೇಲೆ ನಾಲ್ಕು ಸಾಲು ಬರೆಯುವುದು ಏಕೆ ಕಷ್ಟ? ಪದ ಗೊತ್ತಿಲ್ಲ ಎನ್ನುವುದು ಸಿದ್ಧ ಉತ್ತರ. ನನಗೆ ಅದು ಅರ್ಧಸತ್ಯವೆನಿಸುತ್ತದೆ. ಅವರಿಗೆ ನೋಡಿ ಬರೆಯಲು ಯಾರೂ ಹೇಳಲೇ ಇಲ್ಲ ಎಂಬುದು ಉಳಿದರ್ಧ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಚಿತ್ರ ನೋಡಿ ವರ್ಣಿಸುವ ಪ್ರಶ್ನೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಅದಕ್ಕೂ ಸೂತ್ರ ಸಿದ್ಧವಾಗಿದೆ: 'ದಿಸ್ ಈಸ್ ಎ ಪಿಕ್ಚರ್ ಆಫ್ ಎ ಮಾರ್ಕೆಟ್. ದೇರ್ ಆರ್ ಮೆನಿ ಪೀಪಲ್. ಇಟ್ ಈಸ್ ವೆರಿ ಬ್ಯೂಟಿಫುಲ್.' ಮಾರ್ಕೆಟ್ ತೆಗೆದು ಪಾರ್ಕ್ ಎಂದು ಹಾಕಿದರೆ ಇನ್ನೊಂದು ಉತ್ತರ ತಯಾರು. ಚಿತ್ರದ ಕಡೆ ಕಣ್ಣು ಹಾಯಿಸದೆಯೂ ಅಂಕ ಬರುತ್ತದೆ ಎಂದ ಮೇಲೆ ಮಗು ಯಾಕೆ ನೋಡಬೇಕು?

ಅದೇ ಮಗುವನ್ನು ಅದರ ಮಾತಿನಲ್ಲಿ ಕೇಳಿ ನೋಡಿ. ಜುಲೈ ತಿಂಗಳು, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. 'ಹೊರಗ ಹೆಂಗೈತೋ?' ಎಂದರೆ, 'ಜಿಟಿಜಿಟಿ ಮಳಿ ಹತ್ತೇತ್ರಿ ಸರ್, ಅಂಗಳೆಲ್ಲಾ ರಾಡಿ ಆಗೇತಿ, ಚಪ್ಪಲಿ ಕಿತ್ತು ಬರವಲ್ದು' ಎಂದೀತು. ಮಳೆಯ ಬಗೆ, ನೆಲದ ಸ್ಥಿತಿ, ಕಾಲಿಗಾದ ಪಜೀತಿ ಎಲ್ಲವೂ ಒಂದೇ ಉಸಿರಿನಲ್ಲಿ ಬಂತು. ಇಂಗ್ಲಿಷ್ ನೋಟ್‌ಬುಕ್ಕಿಗೆ ಇಳಿಯುವಾಗ ಮಾತ್ರ ಅದು 'ರೇನಿ ಸೀಸನ್ ಈಸ್ ಎ ಗುಡ್ ಸೀಸನ್' ಆಗಿಬಿಡುತ್ತದೆ. 'ರೆಡ್ ಮಡ್ ಸ್ಟಿಕ್ಸ್ ಟು ಮೈ ಚಪ್ಪಲ್ಸ್' ಎಂಬ ಆರು ಪದದ ವಾಕ್ಯಕ್ಕೆ ಬೇಕಾದ ಪದಗಳು ಏಳನೇ ತರಗತಿಯ ಮಗುವಿಗೆ ತೀರಾ ದೂರದವಲ್ಲ. ತನ್ನ ಚಪ್ಪಲಿಯ ರಾಡಿಯೂ ಇಂಗ್ಲಿಷಿನ ವಿಷಯವಾಗಬಹುದು ಎಂಬ ಧೈರ್ಯವಷ್ಟೇ ಅದಕ್ಕಿಲ್ಲ.

ನಿಜವಾದ ಭಾಷಿಕ ತೊಡಕು ಬೇರೊಂದು ಕಡೆ ಇದೆ. ಕನ್ನಡದಲ್ಲಿ ವಿವರವೆಲ್ಲ ಮೊದಲು ಬಂದು ಕ್ರಿಯಾಪದ ಕೊನೆಗೆ ಕೂರುತ್ತದೆ. ಮಳೆಯಲ್ಲಿ ನೆನೆದು ಪಾಚಿಗಟ್ಟಿದ ಹಂಚು ಎನ್ನುತ್ತೇವೆ. ಹಂಚು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಂಚು ಮೊದಲು, ಅದರ ಕಥೆ ಆಮೇಲೆ. ಮರಾಠಿಯ ಜಾಯಮಾನವೂ ಈ ವಿಷಯದಲ್ಲಿ ಬಹುಮಟ್ಟಿಗೆ ಕನ್ನಡದ್ದೇ. ಹಾಗಾಗಿ ಖಾನಾಪುರದ ಮರಾಠಿ ಶಾಲೆಯ ಮಗುವೂ ಬೆಳಗಾವಿಯ ಕನ್ನಡ ಶಾಲೆಯ ಮಗುವೂ ಇಂಗ್ಲಿಷಿನಲ್ಲಿ ಎಡವುವುದು ಒಂದೇ ಜಾಗದಲ್ಲಿ. ಎರಡೂ ಮಾಧ್ಯಮದ ಇಂಗ್ಲಿಷ್ ಶಿಕ್ಷಕರು ಒಂದೆಡೆ ಕೂತು ಇದಕ್ಕಾಗಿ ಅಭ್ಯಾಸಗಳನ್ನು ಹೆಣೆದರೆ, ಭಾಷೆಯ ಹೆಸರಿನಲ್ಲಿ ಜಗಳ ಕಂಡ ಈ ನೆಲದ ಮಕ್ಕಳಿಗೆ ದೊಡ್ಡ ಉಪಕಾರವಾದೀತು.

ಅಮೆರಿಕದ ಬರವಣಿಗೆ ಶಿಕ್ಷಕ ಫ್ರಾನ್ಸಿಸ್ ಕ್ರಿಸ್ಟೆನ್ಸನ್ 1963ರ ತಮ್ಮ ಲೇಖನದಲ್ಲಿ ತೋರಿಸಿದ ದಾರಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಮುಖ್ಯ ಮಾತನ್ನು ಮೊದಲು ಹೇಳಿ ಮುಗಿಸು, ಆಮೇಲೆ ಒಂದೊಂದೇ ವಿವರ ಸೇರಿಸುತ್ತ ಹೋಗು ಎಂಬುದು ಅದರ ತಿರುಳು. ಕುಂಬಾರಿಕೆಗೆ, ಹಂಚಿಗೆ ಹೆಸರಾದ ಊರು ಖಾನಾಪುರ. ಮಕ್ಕಳನ್ನು ತಿಗರಿಯ ಮುಂದೆ ನಿಲ್ಲಿಸಿದರೆ ಮೊದಲ ವಾಕ್ಯ ಸುಲಭ: 'ದಿ ಪಾಟರ್ ಲಿಫ್ಟ್ಸ್ ದಿ ಪಾಟ್.' ಹೇಗೆ ಎತ್ತಿದ ಎಂದು ಕೇಳಬೇಕು. 'ಹೋಲ್ಡಿಂಗ್ ಇಟ್ ವಿತ್ ಬೋತ್ ಹ್ಯಾಂಡ್ಸ್.' ಕೈ ಹೇಗಿತ್ತು? 'ಹಿಸ್ ಫಿಂಗರ್ಸ್ ವೆಟ್ ವಿತ್ ಕ್ಲೇ.' ಮೂರನ್ನೂ ಅಲ್ಪವಿರಾಮ ಹಾಕಿ ಪೋಣಿಸಿದರೆ ಒಳ್ಳೆಯ ಇಂಗ್ಲಿಷ್ ವಾಕ್ಯ. ಮಗು ಇಲ್ಲಿ ಒಂದೇ ಒಂದು ಗುಣವಾಚಕವನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ. ಕನ್ನಡದಲ್ಲಾದರೆ ಎರಡೂ ಕೈಯಲ್ಲಿ ಹಿಡಿದು ಎಂಬುದು ಎತ್ತಿದ ಎಂಬುದಕ್ಕಿಂತ ಮೊದಲೇ ಬರುತ್ತಿತ್ತು. ಆ ಕ್ರಮವನ್ನು ತಿರುವಿ ಹಾಕುವುದಕ್ಕೆ ಬೇಕಾದದ್ದು ಕಣ್ಣೆದುರಿನ ಗಡಿಗೆ ಮತ್ತು ಸರಿಯಾದ ಪ್ರಶ್ನೆ ಕೇಳುವ ಮೇಷ್ಟ್ರು.

ಮೊದಲು ವ್ಯಾಕರಣ ಗಟ್ಟಿಯಾಗಲಿ, ವರ್ಣನೆ ಆಮೇಲೆ ಎನ್ನುವವರಿದ್ದಾರೆ. ಅವರು ನಮ್ಮ ರಾಜ್ಯದಲ್ಲೂ ನಡೆದ ಒಂದು ಪ್ರಯೋಗವನ್ನು ನೆನೆಯಬೇಕು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣಪಾಠ ಬದಿಗಿಟ್ಟು, ನಕ್ಷೆ, ರೈಲು ವೇಳಾಪಟ್ಟಿಗಳನ್ನು ಮುಂದಿಟ್ಟು ಇಂಗ್ಲಿಷ್ ಕಲಿಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದು ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಅದು ವರ್ಣನೆಯ ಬರವಣಿಗೆಯ ಪ್ರಯೋಗವಲ್ಲ, ನಿಜ. ಆದರೆ ಮಗುವಿನ ಗಮನ ಅರ್ಥದ ಮೇಲೆ ನೆಟ್ಟಾಗಲೇ ಭಾಷೆಯ ರಚನೆ ಮೈಗೂಡುತ್ತದೆ ಎಂಬ ಅದರ ಮೂಲ ವಿಚಾರ ಇಲ್ಲಿಗೂ ಸಲ್ಲುತ್ತದೆ. ತಿದ್ದುವ ಹೊರೆ ದೊಡ್ಡದು ಎಂಬ ಶಿಕ್ಷಕರ ಅಳಲು ಮಾತ್ರ ನ್ಯಾಯವಾದದ್ದು. ಅದಕ್ಕೇ ಪುಟಗಟ್ಟಲೆ ಪ್ರಬಂಧ ಬೇಡ. ದಿನಕ್ಕೊಂದು ವಾಕ್ಯ ಸಾಕು, ತಿದ್ದುವುದೂ ವಾರಕ್ಕೆ ಒಂದೇ ಬಗೆಯ ತಪ್ಪನ್ನು. ಪುಟವೆಲ್ಲ ಕೆಂಪು ಶಾಯಿಯಾದರೆ ಮಗು ಮತ್ತೆ ಗೈಡಿನ ಮೊರೆ ಹೋಗುತ್ತದೆ, ಅಲ್ಲಿ ತಪ್ಪೇ ಇರುವುದಿಲ್ಲವಲ್ಲ.

ಈ ಅಭ್ಯಾಸ ತಾಯ್ನುಡಿಯಿಂದಲೇ ಶುರುವಾಗಬೇಕೆಂಬುದು ನನ್ನ ಹಟ. ಮೊದಲು ಕನ್ನಡದಲ್ಲೋ ಮರಾಠಿಯಲ್ಲೋ ಹೇಳಲಿ, ಆಮೇಲೆ ಇಂಗ್ಲಿಷಿಗೆ ಬರಲಿ. ಕನ್ನಡದಲ್ಲಿ ವರ್ಣಿಸಲು ಬಾರದವರಿಗೆ ಇಂಗ್ಲಿಷಿನಲ್ಲಿ ಬಂದೀತೇ? ನಮ್ಮ ಕನ್ನಡ ಪ್ರಬಂಧವೂ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿನಲ್ಲಿ ಬಾಯಿಪಾಠವೇ ಆಗಿ ಕೂತಿದೆ. ಅಲ್ಲಿಯೂ ರಾಡಿಗೆ ಜಾಗವಿಲ್ಲ, ಎಲ್ಲವೂ ನಿಸರ್ಗದ ರಮ್ಯ ತಾಣವೇ.

ಶಿಕ್ಷಕರ ಮೇಲೆ ಹೊಣೆ ಹೊರಿಸಿ ಕೈತೊಳೆದುಕೊಂಡರೆ ಏನೂ ಬದಲಾಗದು, ಏಕೆಂದರೆ ತರಗತಿ ನಡೆಯುವುದು ಪರೀಕ್ಷೆಯ ಹಿಂದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎರಡು ಕೆಲಸ ಮಾಡಬಹುದು. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದು ಪಾಲನ್ನು ಮಗು ತನ್ನ ಊರಿನಲ್ಲಿ ಕಂಡು ಬರೆದ ವಾಕ್ಯಗಳ ವಹಿಗೆ ಮೀಸಲಿಡಬೇಕು. ಚಿತ್ರದ ಪ್ರಶ್ನೆಯಲ್ಲಿ, ಆ ಚಿತ್ರದಲ್ಲಿ ಮಾತ್ರ ಇರುವ ಒಂದಾದರೂ ವಿವರವನ್ನು ಹಿಡಿದ ಉತ್ತರಕ್ಕೆ, ಕಾಗುಣಿತ ತುಸು ತಪ್ಪಿದ್ದರೂ, ಸೂತ್ರದ ಉತ್ತರಕ್ಕಿಂತ ಹೆಚ್ಚು ಅಂಕ ಸಿಗಬೇಕೆಂದು ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರದಲ್ಲೇ ನಮೂದಿಸಬೇಕು.